ಡೇರೆಯ ಕೋಲುಗಳು

"ಒಂಬತ್ತು ದಿನಕ್ಕೆ ಇಷ್ಟೇನಾ ಒಣದ್ರಾಕ್ಷಿ? ನಿಮ್ಮ ಮೇಷ್ಟ್ರು ಮೊದಲನೇ ದಿನವೇ ಖಾಲಿ ಮಾಡ್ತಾರೆ ಕಣೇ," ಎಂದಳು ಅಕ್ಕ, ತಾನೇ ನಾಲ್ಕು ಬಾಯಿಗೆ ಹಾಕಿಕೊಳ್ಳುತ್ತಾ.

ಭಾನುವಾರದ ಮಧ್ಯಾಹ್ನ. ಮೂರನೇ ಮಹಡಿಯ ಆ ಪುಟ್ಟ ಕೋಣೆಯ ತುಂಬ ಉಣ್ಣೆಯ ಕಾಲುಚೀಲ, ಸ್ಟವ್, ಹಗ್ಗ, ನಕ್ಷೆ. ನಡುವೆ ನೀಲಿ ಡೇರೆ. ಅಂಗಡಿಯೊಂದರಲ್ಲಿ ಡೇರೆ ಹೊಲಿಯುವುದೇ ತಂಗಿಯ ಕಸುಬು. ಇದೊಂದನ್ನು ಮಾತ್ರ ತನಗೂ ಮೇಷ್ಟ್ರಿಗೂ ಎಂದೇ ಹೊಲಿದಿದ್ದಳು.

ಈ ಒಂಬತ್ತು ದಿನದ ಬೆಟ್ಟದ ಚಾರಣ ಮುಗಿದ ಮೇಲೆ ಅವಳು ಹಿಂದಿರುಗುವುದಿಲ್ಲ. ಹನ್ನೊಂದು ಸಾವಿರ ಅಡಿ ಎತ್ತರದ ಊರಿನಲ್ಲಿ ಗೈಡ್ ಕೆಲಸ ಸಿಕ್ಕಿತ್ತು. ಮೇಷ್ಟ್ರು ಅಲ್ಲೇ ಶಾಲೆಯ ಕೆಲಸಕ್ಕೆ ಸೇರುವುದು, ಇಬ್ಬರ ಮದುವೆ, ಮನೆ ಎಲ್ಲ ಅಲ್ಲೇ ಎಂದು ಮಾತಾಗಿತ್ತು.

ಅವರಿಬ್ಬರದೊಂದು ನಿಯಮವಿತ್ತು. ಡೇರೆಯ ಬಟ್ಟೆ ಅವಳ ಬ್ಯಾಗಿನಲ್ಲಿ, ಕೋಲುಗಳು ಅವನ ಬ್ಯಾಗಿನಲ್ಲಿ. ದಾರಿಯಲ್ಲಿ ಎಷ್ಟೇ ಜಗಳವಾಡಿ ಮುಖ ಊದಿಸಿಕೊಂಡರೂ ಸಂಜೆಗೆ ಇಬ್ಬರೂ ಒಂದೇ ಕಡೆ ಸೇರಲೇಬೇಕು, ಇಲ್ಲದಿದ್ದರೆ ಸೂರಿಲ್ಲ.

ಇವತ್ತು ಮೂಲೆಯಲ್ಲಿ ಕೂತ ಮೇಷ್ಟ್ರು ಕೋಲುಗಳನ್ನೂ ಅವಳ ಬ್ಯಾಗಿಗೇ ಸಿಕ್ಕಿಸುತ್ತಿದ್ದ.

"ಏನ್ ಮೇಷ್ಟ್ರೇ, ಲೆಕ್ಕ ತಪ್ತಲ್ಲ? ಭಾರ ಎಲ್ಲಾ ನನ್ನ ಮೇಲೆ ಹೊರಿಸಿ ನೀವು ಕೈಬೀಸ್ಕೊಂಡು ಬರ್ತೀರಾ?"

ಅವನು ನಗಲಿಲ್ಲ. ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸಿದ. ಹೇಳಲಾಗದ್ದನ್ನು ಹೇಳುವ ಮುಂಚೆ ಅವನು ಹಾಗೆ ಮಾಡುತ್ತಾನೆಂದು ಅವಳಿಗೆ ಗೊತ್ತು.

"ನಾನು ಬರ್ತಿಲ್ಲ, ಟೇಲರಮ್ಮ."

ಅಕ್ಕ ದ್ರಾಕ್ಷಿ ಡಬ್ಬಿ ಹಿಡಿದುಕೊಂಡು ಮೆಲ್ಲನೆ ಅಡುಗೆಮನೆಗೆ ಸರಿದಳು.

"ಹೋದ ವರ್ಷ ಚಾರಣದ ನಾಲ್ಕನೇ ದಿನ ನನಗೆ ಉಸಿರು ಕಟ್ಟಿತ್ತಲ್ಲ, ಶ್ವಾಸಕೋಶದ್ದೇ ತೊಂದರೆಯಂತೆ. ಇನ್ನು ಯಾವತ್ತೂ ಎತ್ತರಕ್ಕೆ ಹೋಗಬೇಡಿ ಅಂದ್ರು ಡಾಕ್ಟ್ರು."

"ಯಾವಾಗ ಅಂದ್ರು?"

"ಎರಡು ತಿಂಗಳಾಯ್ತು."

ಎರಡು ತಿಂಗಳು! ಅಷ್ಟೂ ದಿನ ಅವನು ಎದುರಿಗೆ ಕೂತು ನಕ್ಷೆಯ ಮೇಲೆ ಪೆನ್ಸಿಲ್‌ನಲ್ಲಿ ಗುರುತು ಹಾಕಿದ್ದ. ಇಲ್ಲಿ ನೀರು ಸಿಗುತ್ತೆ, ಇಲ್ಲೊಂದು ದಿನ ವಿಶ್ರಾಂತಿ, ಎತ್ತರಕ್ಕೆ ಮೈ ಒಗ್ಗಬೇಕು.

"ಹಾಗಾದ್ರೆ ನಾನೂ ಹೋಗಲ್ಲ. ಇಲ್ಲೇ ಹೊಲ್ಕೊಂಡಿರ್ತೀನಿ."

"ಹೋದ ಸಲ ನನಗೋಸ್ಕರ ಇಳಿದು ಬಂದೆ. ಒಂದು ಮಾತೂ ಆಡ್ಲಿಲ್ಲ. ಆದ್ರೆ ಹನ್ನೊಂದು ಸಲ ತಿರುಗಿ ಬೆಟ್ಟ ನೋಡಿದೆ. ನಾನು ಎಣಿಸ್ದೆ. ಜೀವನಪೂರ್ತಿ ಅದನ್ನ ಎಣಿಸ್ತಾ ಕೂರೋಕೆ ನನ್ನ ಕೈಲಾಗಲ್ಲ ಕಣೇ."

"ನನ್ನನ್ನ ಒಂದು ಮಾತು ಕೇಳ್ಬೇಕು ಅನ್ನಿಸ್ಲಿಲ್ವಾ ನಿನಗೆ?"

"ಕೇಳಿದ್ರೆ ನೀನು ಉಳ್ಕೋತಿದ್ದೆ."

ಕಿಟಕಿಯಾಚೆ ಬೆಟ್ಟವೇನೂ ಇರಲಿಲ್ಲ, ಎದುರು ಮನೆಯ ನೀರಿನ ಟ್ಯಾಂಕ್ ಅಷ್ಟೇ. ಆದರೂ ಅವಳ ಕಣ್ಣು ಅತ್ತ ಹೋಯಿತು. ಅವನು ಅದನ್ನೂ ನೋಡಿದ. ನೋಡಿದನೆಂದು ಅವಳಿಗೂ ತಿಳಿಯಿತು.

ಅವಳು ಕೋಲುಗಳ ಕಟ್ಟನ್ನು ಬ್ಯಾಗಿನಿಂದ ಎಳೆದು ಅವನ ಕೈಗಿಟ್ಟಳು.

"ನಿಯಮ ಅಂದ್ರೆ ನಿಯಮ. ಇವು ನಿಮ್ಮವು."

"ಡೇರೆ ಹೇಗೆ ನಿಲ್ಲುತ್ತೆ?"

"ನಿಲ್ಲೋದು ಬೇಡ. ಅಲ್ಲಿ ಬೇರೆ ಡೇರೆ ಬಾಡಿಗೆಗೆ ಸಿಗುತ್ತೆ. ಈ ಬಟ್ಟೆ ಹೊದ್ಕೊಳ್ಳೋಕೆ ಇರ್ಲಿ."

ಸೂಜಿ ಚುಚ್ಚಿ ಚುಚ್ಚಿ ಒರಟಾದ ಅವಳ ಬೆರಳ ತುದಿಗಳನ್ನು ಅವನು ಒಂದು ಕ್ಷಣ ಹಿಡಿದ. ಬಿಟ್ಟ.

ಅವನ ಹಿಂದೆ ಬಾಗಿಲು ಮುಚ್ಚಿತು. ಮೆಟ್ಟಿಲಿಳಿಯುವಾಗ ಕೋಲುಗಳು ಒಂದಕ್ಕೊಂದು ತಾಗಿ ಟಣ್ ಟಣ್ ಎನ್ನುತ್ತಿದ್ದವು. ಎರಡನೇ ಮಹಡಿಯ ತಿರುವಿನಲ್ಲಿ ಸದ್ದು ನಿಂತಿತು. ಅವಳು ಚಿಲಕದ ಮೇಲೆ ಕೈಯಿಟ್ಟು, ತನ್ನ ಉಸಿರನ್ನೂ ಹಿಡಿದು ನಿಂತಳು. ಎಷ್ಟೋ ಹೊತ್ತಿನ ಮೇಲೆ ಟಣ್ ಟಣ್ ಮತ್ತೆ ಶುರುವಾಯಿತು. ಮೆಲ್ಲಗೆ, ಕೆಳಕ್ಕೆ, ಬೀದಿಯವರೆಗೆ.