ಹೊಸ ಸೊನ್ನೆ

ಕಲ್ಲಿದ್ದಲಿನ ಸ್ಥಾವರಗಳೆಲ್ಲ ಮುಚ್ಚಿ ವರ್ಷಗಳೇ ಆಗಿದ್ದವು. ಹೊಸಗುಡ್ಡದ ಆದಿಕೋಶ ಸದ್ದಿಲ್ಲದೆ, ಹೊಗೆಯಿಲ್ಲದೆ ಇಡೀ ಊರಿಗೆ ಕರೆಂಟು ಕೊಡುತ್ತಿತ್ತು; ಅಂಥ ಕೋಶ ಈಗ ಊರೂರಲ್ಲೂ ಇತ್ತು. ಬಚ್ಚಲುಮನೆಯಷ್ಟು ದೊಡ್ಡ ಉಕ್ಕಿನ ಗೂಡು ಅದು. ವಿಶ್ವವೆಲ್ಲ ಒಂದು ಬಿಂದುವಿನಲ್ಲಿ ಅಡಗಿದ್ದ ಗಳಿಗೆಯನ್ನು ಸಿಂಗ್ಯುಲಾರಿಟಿ ಎನ್ನುತ್ತಾರಲ್ಲ, ಗೂಡಿನೊಳಗಿನ ಅಕ್ಕಿಕಾಳಿನಷ್ಟು ಜಾಗವನ್ನು ಅದರ ಹತ್ತಿರಕ್ಕೆ ಹಿಂಡಿ ಫಕ್ಕನೆ ಹಿಗ್ಗಿಸುತ್ತಿದ್ದರು. ಜಾಗವೇ ಆ ವೇಗದಲ್ಲಿ ಹಿಗ್ಗಿದಾಗ, ಕ್ವಾಂಟಮ್ ನಿಯಮದಂತೆ, ಶೂನ್ಯ ಶೂನ್ಯವಾಗಿ ಉಳಿಯಲಾರದು. ಕಣಗಳು ಜೋಡಿ ಜೋಡಿಯಾಗಿ ಉಕ್ಕುತ್ತವೆ. ಅವನ್ನು ಹಿಡಿದು ಕರೆಂಟು ಮಾಡುವುದೇ ಕೋಶದ ಕೆಲಸ.

ಕೋಶವನ್ನು ಕಂಡುಹಿಡಿದವರು ಪ್ರೊಫೆಸರ್ ಸದ್ಯೋಜಾತಪ್ಪ; ಲೆಕ್ಕ ಮಾಡಿಕೊಟ್ಟವಳು ಅವರ ಶಿಷ್ಯೆ ಮೃಣಾಲಿನಿ. ಈ ಲೆಕ್ಕದ ಉತ್ತರ ಯಾವಾಗಲೂ ಅನಂತ ಎಂದೇ ಬರುತ್ತದೆ. ಬಂದಾಗ ಖಾಲಿ ಜಾಗದ ಪಾಲನ್ನು ಕಳೆದು, ಮಿಕ್ಕಿದ್ದನ್ನು ಇಟ್ಟುಕೊಳ್ಳುವುದು ಭೌತಶಾಸ್ತ್ರಜ್ಞರ ತಲತಲಾಂತರದ ರೂಢಿ. ಮೃಣಾಲಿನಿಯೂ ಕಣ್ಣುಮುಚ್ಚಿ ಕಳೆದಳು. ಆದರೆ ವಿಶ್ವದ ಹುಟ್ಟಿನ ಆಸುಪಾಸಿನಲ್ಲಿ ಇದು ಖಾಲಿ, ಇದು ತುಂಬಿದ್ದು ಎಂದು ಗೆರೆ ಎಳೆಯಲು ಬರುವುದಿಲ್ಲ. ಖಾಲಿಯೆಂದು ಕಳೆದದ್ದರಲ್ಲಿ ನಿಜವಾದ ಕಣಗಳೂ ಇದ್ದವು. ಅವು ಗೋಡೆ ದಾಟಿ ಊರೊಳಗೆ ಹೋಗುತ್ತಿದ್ದವು.

ಇದು ಗೊತ್ತಾದದ್ದು, ಕೋಶದ ಪಕ್ಕದ ಕಾಲೊನಿಯಲ್ಲಿದ್ದ ಮೃಣಾಲಿನಿಯ ತಂಗಿ ಯಶೋಧರೆಗೆ ಎರಡನೆಯ ಸಲವೂ ಗರ್ಭ ನಿಲ್ಲದೆ ಹೋದಮೇಲೆ. ಆ ಬೀದಿಯಲ್ಲಿ ಹೆಪ್ಪು ಹಾಕಿದ ಹಾಲು ಮೊಸರಾಗುವುದೂ ನಿಂತಿತ್ತು. ಮೃಣಾಲಿನಿ ಹೋಗಿ ಅಳೆದಳು. ಸೋರಿದ ಕಣಗಳು ಮನೆಮನೆಯಲ್ಲೂ ಇದ್ದವು. ಈಗ ತಂಗಿಗೆ ಮತ್ತೆ ಮೂರು ತಿಂಗಳು.

"ಸರ್, ಕೋಶ ನಿಲ್ಲಿಸ್ಲೇಬೇಕು."

ಸದ್ಯೋಜಾತಪ್ಪ ಅವಳ ಅಂಕಿಗಳಲ್ಲಿ ತಪ್ಪು ಹುಡುಕಿದರು, ಸಿಗಲಿಲ್ಲ. "ಊರೂರಿಗೂ ಕೂರಿಸಿಬಿಟ್ಟಿದೀವಲ್ಲಮ್ಮ! ಆಸ್ಪತ್ರೆಗಳೂ ಇದರ ಮೇಲೇ ನಡೀತಿವೆ. ಯಾರು ನಿಲ್ಲಿಸ್ತಾರೆ?"

"ಹಾಗಂತ ಸುಮ್ನಿರೋದಾ?"

"ಸುಮ್ನಿರು ಅಂದ್ನಾ? ಇಷ್ಟು ಕಣ ಈಗ ಎಲ್ಲ ಊರಲ್ಲೂ ಇದ್ದೇ ಇದೆ. ಅದನ್ನೇ ಸೊನ್ನೆ ಅಂತ ಇಟ್ಕೊಳ್ಳೋಣ. ಅದಕ್ಕಿಂತ ಜಾಸ್ತಿ ಆದ್ರೆ ಎಚ್ಚರಿಕೆ ಕೊಡೋಣ. ನಾವು ಲೆಕ್ಕದಲ್ಲಿ ಇಷ್ಟು ವರ್ಷ ಮಾಡಿದ್ದೂ ಅದೇ ತಾನೆ?"

ತಾನು ಗುರುವೆಂದು ಕಾಲಿಗೆ ಬಿದ್ದಿದ್ದ ಮನುಷ್ಯ. ಮೃಣಾಲಿನಿಗೆ ಮೈಯೆಲ್ಲ ಉರಿಯಿತು. ಮೇಲಿನವರ ಸಭೆಯಲ್ಲಿ ಗಂಟಲು ಹರಿಯುವಂತೆ ಕೂಗಾಡಿದಳು. ಎಲ್ಲರೂ ಗೌರವದಿಂದ ಕೇಳಿದರು, ಕಾಫಿ ಕುಡಿದರು, ಪ್ರೊಫೆಸರರ ಸೊನ್ನೆಗೇ ಒಪ್ಪಿಗೆ ಕೊಟ್ಟರು. ಜನರ ಸಮಾಧಾನಕ್ಕೆಂದು ಆ ಸೊನ್ನೆಯಿಂದ ಕಣ ಅಳೆಯುವ ಮೀಟರನ್ನು ಮನೆಮನೆಗೂ ಹಂಚಿದರು.

ಮೀಟರು ಬಂದ ದಿನ ಯಶೋಧರೆ ಫೋನು ಮಾಡಿದಳು. ಅಕ್ಕನ ಮಾತಿಗೆ ಹೆದರಿ ಬಟ್ಟೆಬರೆ ಕಟ್ಟಿಟ್ಟಿದ್ದವಳ ದನಿಯಲ್ಲಿ ಈಗ ನಗುವಿತ್ತು. "ಅಕ್ಕಾ, ಕಟ್ಟಿದ್ದೆಲ್ಲ ಬಿಚ್ಚಿಬಿಟ್ಟೆ ಕಣೇ. ನಮ್ಮನೇಲಿ ಸೊನ್ನೆ ತೋರಿಸ್ತಿದೆ! ಸುಮ್ಸುಮ್ನೆ ಹೆದರಿಸಿದ್ದೆ ನೀನು."

"ಯಶೂ, ಆ ಸೊನ್ನೆ ಸುಳ್ಳು ಕಣೇ. ಈಗ್ಲೇ ಅಲ್ಲಿಂದ ಹೊರಡು."

"ನಿಮ್ಮೋರೇ ಇಟ್ಟಿರೋ ಸೊನ್ನೆ ಅಲ್ವೇನಕ್ಕಾ?" ತಂಗಿಯ ದನಿಯಲ್ಲಿ ಈಗ ನಗು ಇರಲಿಲ್ಲ. "ಸರಿ, ಸುಳ್ಳೇ ಅಂತ ಇಟ್ಕೋ. ಎಲ್ಲಿಗೆ ಹೋಗ್ಲಿ, ಹೇಳು. ನಿಮ್ಮೂರಲ್ಲೂ ಕೋಶ ಇದೆಯಲ್ಲ."

ಮೃಣಾಲಿನಿ ಒಂದೊಂದೇ ಊರನ್ನು ನೆನೆದಳು. ಕೋಶವಿಲ್ಲದ್ದು ಒಂದೂ ಇರಲಿಲ್ಲ.