ತುಂಗವ್ವ ಕಲಿತ ರಷ್ಯನ್ ಮಾತು

ಬಹಳ ಹಿಂದಿನ ಮಾತು. ಕುಂಕುಮಗಿರಿ ಅಂತ ಒಂದು ರಾಜ್ಯ, ಅದರ ಅರಮನೆಯಲ್ಲಿ ಒಂದು ಬಿಳಿ ಪರದೆ. ದೀಪ ಹಚ್ಚಿದರೆ ಸಾಕು, ರಷ್ಯಾ ಅನ್ನೋ ಹಿಮದ ಸೀಮೆಯ ಜನಪದ ಕತೆಗಳು ಅದರ ಮೇಲೆ ಓಡಾಡುತ್ತಿದ್ದವು, ಮಾತಾಡುತ್ತಿದ್ದವು. ಈಗ ನೀವು ಸಿನಿಮಾ ಅಂತೀರಲ್ಲ, ಅದೇ ಅಂದುಕೊಳ್ಳಿ. ಆದರೆ ಈ ಪರದೆಯ ಭಾಷೆ ಬಲ್ಲವರು ಅದರೊಳಕ್ಕೆ ನಡೆದುಹೋಗಬಹುದಿತ್ತು. ಒಳಗಿದ್ದವರು ಹೊರಕ್ಕೆ ಕೈಚಾಚಬಹುದಿತ್ತು.

ಒಂದು ದಿನ ಹಿಮದೊಡತಿ ಅನ್ನೋ ಮಾಟಗಾತಿ ಹಾಗೇ ಕೈಚಾಚಿ, ದೀಪ ಹಚ್ಚುತ್ತಿದ್ದ ಕರಿಬಸವನನ್ನು ಒಳಕ್ಕೆ ಎಳೆದುಕೊಂಡೇಬಿಟ್ಟಳು. ಅವತ್ತಿನಿಂದ ಪರದೆಯೊಳಗಿಂದ ಶೀತಗಾಳಿ. ಪೈರು ಕಮರಿತು, ಬಾವಿಯ ನೀರು ಕಲ್ಲಾಯಿತು.

ಕರಿಬಸವನ ಹೆಂಡತಿ ತುಂಗವ್ವ ಪರದೆ ಕಾಯುವ ಮುದುಕನ ಕಾಲು ಹಿಡಿದಳು.

"ಆ ಮಾಟಗಾತಿ ಮನೆಗೆ ಹೋಗಿ, ಅವಳ ಭಾಷೆಯಲ್ಲೇ ಗಂಡನನ್ನ ಕರೀಬೇಕು ತಾಯಿ," ಅಂದ ಮುದುಕ. "ಮೂರೇ ಸಲ. ಮೂರನೇದೂ ತಪ್ಪಿತೋ, ಅವನು ಮಂಜುಗಡ್ಡೆ."

"ಆ ಭಾಷೆ ಹೆಂಗೆ ಕಲೀಲಿ ಅಜ್ಜ?"

"ಕತೆ ನೋಡವ್ವ. ಅವರು ನಕ್ಕಾಗ ನಗು, ಅತ್ತಾಗ ಅಳು. ಬರುತ್ತೆ."

ತುಂಗವ್ವ ನೋಡಿದಳು. ಮಾತಾಡುವ ತೋಳ, ಕಾಡಿನಲ್ಲಿ ದಾರಿ ತಪ್ಪಿದ ಹುಡುಗಿ, ನಡೆದಾಡುವ ಒಲೆ, ಎಲ್ಲವನ್ನೂ ನೋಡಿದಳು. ಹ್ಲೆಬ್ ಅಂದರೆ ರೊಟ್ಟಿ, ಸೋಲ್ ಅಂದರೆ ಉಪ್ಪು, ದಮೋಯ್ ಅಂದರೆ ಮನೆಗೆ. ಒರಳಲ್ಲಿ ರುಬ್ಬುವಾಗಲೂ ಅದೇ ಜಪ. ಅತ್ತೆ ಸಂಕವ್ವ ಹಣೆ ಚಚ್ಚಿಕೊಂಡಳು: "ಮಗ ಹೋದ, ಸೊಸೆಗೆ ಹುಚ್ಚು ಹಿಡೀತು. ನಾನ್ಯಾವ ಪಾಪ ಮಾಡಿದ್ದೆನೋ!"

ಮೊದಲನೇ ಸಲ ತುಂಗವ್ವ ಪರದೆಯೊಳಗೆ ನಡೆದು, ಮಾಟಗಾತಿಯ ಮನೆಯ ಹೊಸ್ತಿಲಾಚೆ ನಿಂತು ಗಂಡನಿಗೆ ಕೈ ಚಾಚಿದಳು. ಆ ಸೀಮೆಯಲ್ಲಿ ಹೊಸ್ತಿಲಾಚೆಯಿಂದ ಕೈ ನೀಡುವುದು ಅಪಶಕುನ. ಬಾಗಿಲು ಧಡಾರನೆ ಮುಚ್ಚಿತು. ಕರಿಬಸವನ ಕಾಲು ಮಂಜಾಯಿತು.

ಎರಡನೇ ಸಲ ಒಳಗೇ ಹೋದಳು. ಹಿಮದೊಡತಿ ರೊಟ್ಟಿಯ ಮೇಲೆ ಉಪ್ಪು ಇಟ್ಟುಕೊಂಡು ಎದುರಿಗೆ ಬಂದಳು. "ತಿನ್ನು," ಅಂದಳು. ತುಂಗವ್ವನ ಕೈ ತಾನಾಗಿ ಹಿಂದೆ ಸರಿಯಿತು. ನಮ್ಮಲ್ಲಿ ಉಪ್ಪನ್ನು ಕೈಯಿಂದ ಕೈಗೆ ತಗೋತಾರೇನು? ಜಗಳ ಬರುತ್ತೆ ಅಂತ ಹೆತ್ತವ್ವ ಹೇಳಿಕೊಟ್ಟಿರಲಿಲ್ಲವೇ? "ಕೆಳಗಿಡಿ, ಎತ್ತಿಕೊಳ್ತೀನಿ," ಅಂದಳು. ಆ ಸೀಮೆಯ ಮನೆಯೊಡತಿಗೆ ಅದಕ್ಕಿಂತ ದೊಡ್ಡ ಅವಮಾನವಿಲ್ಲ. ಬಿರುಗಾಳಿ ಎದ್ದು ಅವಳನ್ನು ಎತ್ತಿ ಹೊರಗೆಸೆಯಿತು. ಕರಿಬಸವ ಎದೆಯ ತನಕ ಮಂಜಾದ.

ತುಂಗವ್ವ ಪರದೆಯೆದುರು ಕುಸಿದು ಕೂತಳು. ಇನ್ನು ಆಸೆಯೇ ಇರಲಿಲ್ಲ. ಅಭ್ಯಾಸಬಲದಿಂದ ನೋಡುತ್ತಿದ್ದಳು, ಅಷ್ಟೇ. ಆಗ ಕಂಡಿತು. ರಾಜಕುಮಾರನಾಗಲಿ ಭಿಕ್ಷುಕನಾಗಲಿ, ಎಲ್ಲರೂ ಮೊದಲು ರೊಟ್ಟಿ ಉಪ್ಪು ತಿಂದು, ಆಮೇಲೆ ಬಾಯಿ ಬಿಡುತ್ತಿದ್ದರು. ತಿಂದ ಅತಿಥಿಯ ಮಾತನ್ನು ಯಾವ ಮನೆಯೊಡತಿಯೂ ತೆಗೆದುಹಾಕುತ್ತಿರಲಿಲ್ಲ.

"ಅಯ್ಯೋ ನನ್ನ ದರಿದ್ರ ಬುದ್ಧಿಯೇ! ಮಾತು ಕಲಿತೆ, ಮರ್ಯಾದೆ ಕಲೀಲಿಲ್ಲ!"

ಮೂರನೇ ಸಲ ಹೋಗಿ, ಕಣ್ಣು ಮುಚ್ಚಿಕೊಂಡು ರೊಟ್ಟಿ ಉಪ್ಪು ತಿಂದಳು. ಗಂಡನತ್ತ ತಿರುಗಿ "ಪೊಯ್ದ್ಯೋಮ್ ದಮೋಯ್," ಅಂದಳು. ಮನೆಗೆ ಹೋಗೋಣ ನಡಿ ಅಂತ. ಮಂಜು ಕರಗಿತು. ಹಿಮದೊಡತಿಯೂ ಕರಗಿ ನೀರಾಗಿ ಹರಿದುಹೋದಳು. ಕರಿಬಸವ ತುಂಗವ್ವನ ಹಿಂದೆ ಪರದೆಯಿಂದಾಚೆಗೆ ನಡೆದುಬಂದ.

ಕುಂಕುಮಗಿರಿಯಲ್ಲಿ ಬಿಸಿಲು ಬಂತು, ಬಾವಿ ತುಂಬಿತು. ಊರೆಲ್ಲ ಹಬ್ಬ ಮಾಡಿತು, ರಾಜ ಪ್ರಜೆಗಳೆಲ್ಲ ಸುಖವಾಗಿದ್ದರು.

ಸಂಕವ್ವ ಮಗನಿಗೆ ಹೋಳಿಗೆ ಬಡಿಸಿದಳು. ಅವನು ತಲೆ ತಗ್ಗಿಸಿ ಉಂಡ. ಕೈ ತೊಳೆದು ಎದ್ದುನಿಂತು, ತುಂಗವ್ವನಿಗೆ ನಡು ಬಗ್ಗಿಸಿ ನಮಸ್ಕಾರ ಮಾಡಿ, ಆ ಸೀಮೆಯ ಮಾತಿನಲ್ಲಿ ಮೆಲ್ಲಗೆ ಏನೋ ಹೇಳಿದ. ಮಂಜಿನ ಜೊತೆ ಅದೂ ಕರಗಿಹೋಗಿತ್ತೋ ಏನೋ, ಕನ್ನಡ ಅವನಿಗೆ ಒಂದಕ್ಷರವೂ ನೆನಪಿರಲಿಲ್ಲ.

ಅವನು ಹೇಳಿದ್ದು ಇಷ್ಟು: "ಉಪಕಾರವಾಯಿತು, ಮನೆಯೊಡತಿ. ನೀವು ಯಾರೋ ಕಾಣೆ, ಅನ್ನವಿಟ್ಟಿರಿ. ಇನ್ನು ನನ್ನ ಮನೆಯ ದಾರಿ ತೋರಿಸಿ."

ತುಂಗವ್ವನಿಗೆ ಒಂದೊಂದು ಮಾತೂ ಅರ್ಥವಾಯಿತು.

"ಏನಂದ, ನನ್ನ ಮಗ ಏನಂದ?" ಸಂಕವ್ವ ಕಣ್ಣು ಒರೆಸಿಕೊಳ್ಳುತ್ತಾ ಕೇಳಿದಳು.

"ಹೋಳಿಗೆ ಚೆನ್ನಾಗಿದೆಯಂತೆ ಅತ್ತೆ," ಅಂದಳು ತುಂಗವ್ವ.