ಉಲ್ಟಾ ಕೋರ್ಟು

ಬಣ್ಣದ ಮೇಷ್ಟ್ರು ಮೊದಲ ದಿನ ಆ ಮನೆಗೆ ಬಂದಾಗ ಅವರನ್ನು ಬರಮಾಡಿಕೊಂಡದ್ದು ಮನೆಯವರಲ್ಲ, ಹಲ್ಲುಗಳು. ಎಡಗಡೆಯ ಬಾಗಿಲು ತಳ್ಳಬೇಕಾದವರು ಬಲಗಡೆಯದನ್ನು ತಳ್ಳಿದ್ದರು. ಒಳಗೆ ಮೇಜಿನ ತುಂಬ ಪ್ಲಾಸ್ಟರ್ ದವಡೆಗಳು ಸಾಲಾಗಿ ಕೂತು ಅವರನ್ನೇ ನೋಡಿ ನಗುತ್ತಿದ್ದವು. ಮೇಷ್ಟ್ರು ತಬ್ಬಿಬ್ಬಾಗಿ "ಕ್ಷಮಿಸಿ" ಅಂದರು, ಹಲ್ಲುಗಳಿಗೆ.

ಹಿಂದೆ ಯಾರೋ ಕಿಸಕ್ಕನೆ ನಕ್ಕರು.

"ಪರವಾಗಿಲ್ಲ, ಅವು ಕಚ್ಚಲ್ಲ."

ತಿರುಗಿದರೆ ಹಲ್ಲುಗಳ ಒಡತಿ. ಕೈಯಲ್ಲಿ ಮೇಣ ಕೆತ್ತುವ ಪುಟ್ಟ ಚೂರಿ, ಮೂಗಿನ ತುದಿಗೆ ಬಿಳಿ ಪುಡಿ. ಊರಿನ ಹಲ್ಲಿನ ಡಾಕ್ಟರುಗಳು ಕಳಿಸುವ ಅಚ್ಚುಗಳಿಗೆ ಮನೆಯಲ್ಲೇ ಕೂತು ಹಲ್ಲಿನ ಸೆಟ್ ಮಾಡಿಕೊಡುವುದು ಅವಳ ಕೆಲಸ.

ಆಗ ಮೇಷ್ಟ್ರು ನಕ್ಕರು. ಅವರ ಎಡಗಡೆಯ ಕೋರೆಹಲ್ಲು ಕೊಂಚ ಸೊಟ್ಟ. ಸುಮ್ಮನೆ ಮರ್ಯಾದೆಗೆ ನಕ್ಕಾಗ ಅದು ತುಟಿಯ ಹಿಂದೆ ಅಡಗಿರುತ್ತಿತ್ತು, ನಿಜವಾಗಿ ನಕ್ಕಾಗ ಮಾತ್ರ ಇಣುಕುತ್ತಿತ್ತು. ಹಗಲೆಲ್ಲ ಹಲ್ಲುಗಳನ್ನು ನೇರವಾಗಿ ಜೋಡಿಸುವ ಹೆಂಗಸು ಆ ಸೊಟ್ಟ ಹಲ್ಲನ್ನು ನೋಡಿ ಅಲ್ಲೇ ಅರೆಗಳಿಗೆ ನಿಂತುಬಿಟ್ಟಳು. ಆಮೇಲೆ ನಿಂತದ್ದಕ್ಕೆ ತನ್ನ ಮೇಲೆಯೇ ರೇಗಿಕೊಂಡಳು.

ಮೇಷ್ಟ್ರು ಬಂದದ್ದು ಅವಳ ಮಗಳಿಗೆ ಕೆಮಿಸ್ಟ್ರಿ ಹೇಳಿಕೊಡಲು. ಬಣ್ಣ ತಯಾರಿಸುವ ಕಂಪನಿಯ ಲ್ಯಾಬಿನಲ್ಲಿ ಅವರಿಗೆ ಕೆಲಸ. ಮಂಗಳವಾರ, ಶುಕ್ರವಾರ ಸಂಜೆ ಕೈಚೀಲದಲ್ಲಿ ಬಾಟಲಿಗಳನ್ನು ಹೊತ್ತು ಬರುತ್ತಿದ್ದರು. ಬಣ್ಣದ ಮೇಷ್ಟ್ರು ಎಂಬ ಹೆಸರಿಟ್ಟವಳು ಮಗಳೇ. ಮೊದಲ ದಿನವೇ ಅವರನ್ನು ಕಟಕಟೆಗೆ ಹತ್ತಿಸಿದವಳೂ ಅವಳೇ.

"ಮೇಷ್ಟ್ರೇ, ನಿಮಗೆ ಮದುವೆ ಆಗಿದೆಯಾ?"

"ಇಲ್ಲಮ್ಮ. ಬಣ್ಣ ಕಲಸೋದರಲ್ಲೇ ಕೂದಲು ಬೆಳ್ಳಗಾಯ್ತು."

ಪಕ್ಕದ ಕೋಣೆಯಲ್ಲಿ ಮೇಣದ ಚೂರಿ ಸ್ವಲ್ಪ ಹೊತ್ತು ಸದ್ದಿಲ್ಲದೆ ನಿಂತಿತು.

ಮಗಳಿಗೆ ಮನೆಯಲ್ಲಿ ವಕೀಲಮ್ಮ ಅಂತಲೇ ಹೆಸರು. ಶಾಲೆಯಲ್ಲಿದ್ದಾಗ ಯಾವುದಕ್ಕೂ ಸುಮ್ಮನೆ ಹೂಂ ಅನ್ನದ ಹುಡುಗಿ. ಎದುರು ವಾದಿಸುತ್ತಾಳೆಂದು ಟೀಚರುಗಳು ದಿನಾ ಬಾಗಿಲಾಚೆ ನಿಲ್ಲಿಸುತ್ತಿದ್ದರು. ಕೊನೆಗೆ ಒಂದು ದಿನ ಅವಳು ವಾದಿಸುವುದನ್ನೇ ಬಿಟ್ಟಳು, ಮನೆಯಲ್ಲೂ ತುಟಿಪಿಟಕ್ಕೆನ್ನಲಿಲ್ಲ. ಆ ಮೌನ ತಾಯಿಗೆ ತಡೆಯಲಾಗಲಿಲ್ಲ. ಗಂಡ ಬೇರೆಯಾಗಿ ಹೋದ ಮೇಲೆ ಮನೆಯಲ್ಲಿದ್ದ ಸದ್ದೆಂದರೆ ಆ ಹುಡುಗಿಯದೇ. ಶಾಲೆ ಬಿಡಿಸಿದಳು. ಊಟದ ಮೇಜೇ ತರಗತಿಯಾಯಿತು. ಒಂದು ತುದಿಯಲ್ಲಿ ಜಾಮೆಟ್ರಿ, ಇನ್ನೊಂದು ತುದಿಯಲ್ಲಿ ಯಾರೋ ತಾತನ ದವಡೆ.

ಮಾತು ಮರಳಿತು, ಮರಳಿದ್ದು ದುಪ್ಪಟ್ಟಾಗಿಯೇ ಮರಳಿತು. ಅದನ್ನು ಹದಕ್ಕೆ ತರಲು ತಾಯಿ ಕಂಡುಕೊಂಡ ಉಪಾಯವೇ ಉಲ್ಟಾ ಕೋರ್ಟು. ಮನೆಯಲ್ಲಿ ಏನು ತೀರ್ಮಾನ ಆಗಬೇಕಿದ್ದರೂ ಎಲ್ಲರೂ ಮೇಜಿನ ಸುತ್ತ ಕೂರಬೇಕು. ಪ್ರತಿಯೊಬ್ಬರೂ ತಮಗೆ ಬೇಡವಾದುದರ ಪರವಾಗಿಯೇ ವಾದಿಸಬೇಕು, ಅದೂ ಮನಸ್ಸಿಟ್ಟು. ಬೆಕ್ಕೆಂದರೆ ಮಾರು ದೂರ ಓಡುವ ತಾಯಿ ಒಮ್ಮೆ ಬೆಕ್ಕು ಸಾಕುವುದರ ಪರವಾಗಿ ಎಷ್ಟು ಚೆನ್ನಾಗಿ ವಾದಿಸಿದಳೆಂದರೆ ಬೆಕ್ಕು ಬಂದೇಬಿಟ್ಟಿತು. ಈಗದು ಅವಳ ಕೆಲಸದ ಕುರ್ಚಿಯನ್ನು ತನ್ನದು ಮಾಡಿಕೊಂಡಿದೆ.

ಇದೆಲ್ಲ ಚೆನ್ನಾಗಿಯೇ ನಡೆದಿತ್ತು. ಆದರೆ ಹುಡುಗಿಗೆ ಹದಿನಾರು ತುಂಬಿತು. ಇನ್ನು ಬೋರ್ಡಿನ ಸರ್ಟಿಫಿಕೇಟು ಬೇಕು. ರೆಗ್ಯುಲರ್ ಶಾಲೆಯ ಮಾತೆತ್ತಿದರೆ ಅವಳ ಮುಖ ಸಣ್ಣದಾಗುತ್ತಿತ್ತು. ಉಳಿದದ್ದು ಎರಡು ದಾರಿ. ಒಂದು, ದೂರಶಿಕ್ಷಣದ ಮುಕ್ತ ಶಾಲೆ: ಪಾಠ ಅಂಚೆಯಲ್ಲಿ ಬರುತ್ತದೆ, ಮನೆಯಲ್ಲೇ ಓದಿ ಪರೀಕ್ಷೆಗೆ ಮಾತ್ರ ಹೋದರೆ ಸಾಕು. ಮಂಗಳವಾರ, ಶುಕ್ರವಾರ ಇದ್ದ ಹಾಗೇ ಇರುತ್ತವೆ. ಇನ್ನೊಂದು, ಆನ್‌ಲೈನ್ ಶಾಲೆ: ದಿನಾ ಲೈವ್ ಕ್ಲಾಸು, ಜೊತೆಗೆ ಓದುವ ಹುಡುಗ ಹುಡುಗಿಯರು, ಪ್ರತಿ ವಿಷಯಕ್ಕೂ ಅವರದ್ದೇ ಟೀಚರು, ಪ್ರಯೋಗದ ಕಿಟ್ ಕೂಡ ಮನೆಗೇ. ಹೊರಗಿನ ಮೇಷ್ಟ್ರು ಬೇಕಿಲ್ಲ.

ಬೇಕಿಲ್ಲ ಎನ್ನುವ ಆ ಒಂದು ಪದವನ್ನು ತಾಯಿ ಮೊಬೈಲಿನಲ್ಲಿ ಮತ್ತೆ ಮತ್ತೆ ಓದಿದ್ದಳು. ಮಗಳ ಓದಿನ ವಿಷಯದಲ್ಲಿ ತನ್ನ ಸಂಜೆಗಳ ಚಿಂತೆ ಮಾಡುತ್ತಿದ್ದೇನಲ್ಲ ಎಂದು ನಾಚಿಕೆಯೂ ಆಯಿತು. ಆದರೂ ಎದೆಯೊಳಗಿನ ಮಾತು ಸುಳ್ಳಾಗುತ್ತದೆಯೇ? ಆ ಮನುಷ್ಯ ಬರುವುದು ನಿಂತುಹೋಗುವುದು ಅವಳಿಗೆ ಬೇಡವಾಗಿತ್ತು.

ಶುಕ್ರವಾರ ಸಂಜೆ ಕೋರ್ಟು ಸೇರಿತು. "ಮೇಷ್ಟ್ರೂ ಕೂತ್ಕೊಳ್ಳಲಿ, ಅವರ ಅಭಿಪ್ರಾಯನೂ ಬೇಕು," ಎಂದು ವಕೀಲಮ್ಮ ಕುರ್ಚಿ ಎಳೆದಳು. ಮೇಷ್ಟ್ರು ಚಹಾದ ಲೋಟ ಹಿಡಿದು ಕೂತರು. ಅವರ ತೋರುಬೆರಳಿನ ತುದಿ ಆವತ್ತು ನೀಲಿಯಾಗಿತ್ತು. ತಾಯಿ ಅದನ್ನು ನೋಡಿದಳು. ನೋಡಿದ್ದನ್ನು ಅವರು ನೋಡಿದರು. ಇಬ್ಬರೂ ಏಕಕಾಲಕ್ಕೆ ಬಿಸ್ಕತ್ತಿನ ತಟ್ಟೆಗೆ ಕೈ ಹಾಕಿದರು.

ಮೊದಲು ಮಗಳು ಎದ್ದಳು. ಮುಕ್ತ ಶಾಲೆಯನ್ನು ಹೊಗಳಿ ಅಟ್ಟಕ್ಕೇರಿಸಿದಳು. ಅಂದರೆ ಇವಳಿಗೆ ಬೇಕಾದದ್ದು ಆನ್‌ಲೈನ್ ಶಾಲೆ ಎಂದು ತಾಯಿಗೆ ತಿಳಿಯಿತು.

"ಈಗ ಮೇಷ್ಟ್ರು."

ಅವರು ಗಂಟಲು ಸರಿಮಾಡಿಕೊಂಡರು. "ನನ್ನ ಕೇಳಿದ್ರೆ ಆನ್‌ಲೈನ್ ಶಾಲೆನೇ ಸರಿ. ವಾದ ಮಾಡೋಕೆ ಜೊತೆಯವರು ಸಿಗ್ತಾರೆ. ಪೂರ್ತಿ ಸಿಲಬಸ್ ಗೊತ್ತಿರೋ ಟೀಚರ್ ಸಿಗ್ತಾರೆ. ನನ್ನ ಅಗತ್ಯನೇ ಇರಲ್ಲ." ಲೋಟ ಕೆಳಗಿಟ್ಟರು. "ನನಗೂ ವಾರಕ್ಕೆ ಎರಡು ಸಂಜೆ ಬಿಡುವು. ಲ್ಯಾಬಿನಿಂದ ನೇರ ಮನೆಗೆ ಹೋಗಿ, ಕಾಲು ಚಾಚಿ ಆರಾಮಾಗಿ ಇರಬಹುದು."

ಕೋರ್ಟಿನ ರೂಲ್ ಮನೆಯವರಿಗೆ, ಹೊರಗಿನವರಿಗಲ್ಲ ಎಂದು ಅವಳು ಮಗಳಿಗೆ ಮೊದಲೇ ಹೇಳಿದ್ದಳು. ಹಾಗಾಗಿ ಮೇಷ್ಟ್ರ ಮಾತು ನೇರವಾಗಿಯೇ ಬಂದು ನಾಟಿತು. ಕಾಲು ಚಾಚಿ ಆರಾಮಾಗಿ! ಇಷ್ಟು ದಿನ ಬರುತ್ತಿದ್ದದ್ದು ಅಷ್ಟು ಭಾರವಾಗಿತ್ತೇ? ತಾನೊಬ್ಬಳೇ ಮಂಗಳವಾರ ಬಂತೆಂದರೆ ಏಪ್ರನ್ ತೆಗೆದು, ಮೂಗಿನ ಮೇಲಿನ ಪುಡಿ ಒರೆಸಿಕೊಂಡು ಕಾಯುತ್ತಿದ್ದದ್ದೇ?

"ಅಮ್ಮ, ನಿನ್ನ ಸರದಿ."

ರೂಲಿನ ಪ್ರಕಾರ ಅವಳೂ ಆನ್‌ಲೈನ್ ಶಾಲೆಯ ಪರವಾಗಿಯೇ ಮಾತಾಡಬೇಕಿತ್ತು. ಈ ಸಲ ಕಷ್ಟವೇ ಆಗಲಿಲ್ಲ, ಸಿಟ್ಟು ಮಾತನ್ನು ಒದಗಿಸಿಕೊಟ್ಟಿತು.

"ಆನ್‌ಲೈನ್ ಶಾಲೆನೇ ಆಗಲಿ. ಮೇಷ್ಟ್ರಿಗೆ ಪಾಪ, ಬಾಟಲಿ ಹೊತ್ತು ಮೆಟ್ಟಿಲು ಹತ್ತೋ ಗೋಳು ತಪ್ಪುತ್ತೆ. ನನಗೂ ಎರಡು ಲೋಟ ತೊಳೆಯೋದು ತಪ್ಪುತ್ತೆ."

ಮೇಷ್ಟ್ರು ತಲೆ ಎತ್ತಿ ಅವಳನ್ನು ನೋಡಿದರು. ನಗಬೇಕೋ ಬೇಡವೋ ಗೊತ್ತಾಗದವರ ಹಾಗೆ ತುಟಿ ಅಲುಗಿತು.

ವಕೀಲಮ್ಮ ಇಬ್ಬರ ಮುಖವನ್ನೂ ನೋಡಿ ಚಮಚದಿಂದ ಮೇಜು ತಟ್ಟಿದಳು. "ಸರಿ. ನಾನೊಬ್ಬಳು ಮುಕ್ತ ಶಾಲೆ ಅಂದೆ, ನೀವಿಬ್ಬರೂ ಆನ್‌ಲೈನ್ ಅಂದ್ರಿ. ಅಂದ್ರೆ ಆನ್‌ಲೈನ್ ನನಗೆ ಬೇಕು, ನಿಮ್ಮಿಬ್ಬರಿಗೂ ಬೇಡ."

"ಮೇಷ್ಟ್ರನ್ನ ಸೇರಿಸಬೇಡ ಕಣೇ. ಅವರಿಗೆ ರೂಲ್ ಇಲ್ಲ, ಅವರು ಮನಸ್ಸಿನಲ್ಲಿ ಇರೋದನ್ನೇ ಹೇಳಿದ್ರು."

"ಯಾರು ಹೇಳಿದ್ದು ಇಲ್ಲ ಅಂತ? ಮಂಗಳವಾರನೇ ಟೆಸ್ಟ್ ಟ್ಯೂಬ್ ತೊಳೀತಾ ಎಲ್ಲ ಹೇಳಿಕೊಟ್ಟಿದ್ದೀನಿ. ಬೇಡವಾದ್ದರ ಪರ ವಾದಿಸ್ತೀನಿ ಅಂತ ಒಪ್ಪಿಕೊಂಡೇ ಇಲ್ಲಿ ಕೂತಿದ್ದಾರೆ. ಅಲ್ವಾ ಮೇಷ್ಟ್ರೇ?"

ಮೇಷ್ಟ್ರ ಕಿವಿ ಕೆಂಪಾಯಿತು. "ಹೌದು" ಅಂದರು, ಚಹಾಕ್ಕೆ.

ಹುಡುಗಿ ಲೈಬ್ರರಿ ಪುಸ್ತಕಗಳನ್ನು ಎತ್ತಿಕೊಂಡು ಚಪ್ಪಲಿ ಮೆಟ್ಟಿದಳು. "ಇವನ್ನ ವಾಪಸ್ ಕೊಟ್ಟು ಬರ್ತೀನಿ. ಕೋರ್ಟಿಗೆ ಒಂದೇ ಪ್ರಶ್ನೆ ಉಳಿದಿದೆ. ನನಗೆ ಒಳ್ಳೆಯದಾಗೋ ಶಾಲೆ ನಿಮ್ಮಿಬ್ಬರಿಗೂ ಯಾಕೆ ಇಷ್ಟೊಂದು ಬೇಡ? ನಾನು ಬರೋದರೊಳಗೆ ಉತ್ತರ ರೆಡಿ ಇರಲಿ." ಬಾಗಿಲು ಹಾಕಿಕೊಂಡು ಹೋದಳು.

ಬೆಕ್ಕು ಕೂಡ ಎದ್ದು ಒಳಕೋಣೆಗೆ ನಡೆಯಿತು.

ತಾಯಿ ಲೋಟಗಳನ್ನು ಜೋಡಿಸಿದಳು. ಜೋಡಿಸಿದ್ದನ್ನೇ ಮತ್ತೆ ಜೋಡಿಸಿದಳು.

"ಕಾಲು ಚಾಚೋ ಆಸೆ ಇಲ್ವಾ ಹಾಗಾದ್ರೆ?" ಕೊನೆಗೆ ಕೇಳಿದಳು.

"ಮನೆಗೆ ಹೋಗಿ ಕಾಲು ಚಾಚಿ ಏನು ಮಾಡಲಿ, ಗೋಡೆ ನೋಡಲಾ?" ಮೇಷ್ಟ್ರು ನೀಲಿ ಬೆರಳನ್ನು ಮುಷ್ಟಿಯೊಳಗೆ ಬಚ್ಚಿಟ್ಟುಕೊಂಡರು. "ಆದ್ರೆ ಒಂದು ಮಾತು. ನಾನು ಹೇಳಿದ ಕಾರಣ ಒಂದೂ ಸುಳ್ಳಲ್ಲ. ಅವಳಿಗೆ ಜೊತೆಯವರು ಬೇಕು. ನಾನು, ನೀವು, ಬೆಕ್ಕು ಇಷ್ಟೇ ಸಾಲದು. ಅವಳಿಗೆ ಅದೇ ಸರಿ. ನನಗೆ ಮಾತ್ರ ಅದು ಬೇಡ."

ಇಷ್ಟು ದಿನ ಅವಳು ತನ್ನೊಳಗೇ ಹಗ್ಗ ಜಗ್ಗಾಡಿದ್ದನ್ನು ಈ ಮನುಷ್ಯ ಎರಡು ಮಾತಲ್ಲಿ ಬಿಡಿಸಿ ಮೇಜಿನ ಮೇಲಿಟ್ಟಿದ್ದರು. ತಮಗೇ ನಷ್ಟವಾಗುವ ದಾರಿಯನ್ನು ತನ್ನ ಮಗಳಿಗೆ ತೋರಿಸಿದವರ ಮೇಲೆ ಎಂಥ ಸಿಟ್ಟು ಮಾಡಿಕೊಂಡಿದ್ದಳು!

"ಸೇರಿಸೋಣ," ಅಂದಳು. "ಆನ್‌ಲೈನ್ ಶಾಲೆಗೇ ಸೇರಿಸೋಣ."

"ಸೇರಿಸೋಣ." ಮೇಷ್ಟ್ರು ಎದ್ದು ಕೈಚೀಲ ತೆಗೆದುಕೊಂಡರು. ಬಾಗಿಲ ತನಕ ಹೋಗಿ ಅಲ್ಲೇ ನಿಂತರು.

"ಕೂತ್ಕೊಳ್ಳಿ," ಅಂದಳು ಅವಳು. "ಕೋರ್ಟು ಇನ್ನೂ ಮುಗಿದಿಲ್ಲ. ಇನ್ನೊಂದು ಕೇಸು ಇದೆ. ಮೇಷ್ಟ್ರು ಇನ್ನು ಮೇಲೆ ಈ ಮನೆಗೆ ಬರಬೇಕಾ, ಬೇಡವಾ?"

ಅವರು ಕೂತರು. ಚೀಲ ಮಡಿಲಲ್ಲೇ ಇತ್ತು.

ಅವಳು ಕೈಕಟ್ಟಿ ನಿಂತಳು. "ಬರಬಾರದು. ನೀವು ಬರೋ ದಿನ ನನ್ನ ಕೆಲಸ ಕೆಡುತ್ತೆ. ಮೇಣ ಕರಗೋಕೆ ಇಟ್ಟು ಮರೆತುಬಿಡ್ತೀನಿ. ಮೊನ್ನೆ ಒಬ್ಬರು ಅಜ್ಜಿಯ ಸೆಟ್‌ಗೆ ಒಂದು ಹಲ್ಲು ಜಾಸ್ತಿ ಕೂರಿಸಿದ್ದೆ, ಡಾಕ್ಟರು ಫೋನ್ ಮಾಡಿ ನಕ್ಕಿದ್ದೇ ನಕ್ಕಿದ್ದು. ಮಂಗಳವಾರ ಹೋಗಿ ಶುಕ್ರವಾರ ಬರೋದರೊಳಗೆ ನನಗೆ ಸಾಕುಸಾಕಾಗುತ್ತೆ. ಅದಕ್ಕೇ... ಬರಲೇಬಾರದು."

ಮೇಷ್ಟ್ರು ಅಲುಗಾಡದೆ ಕೇಳಿದರು. ಆಮೇಲೆ ಮೆಲ್ಲಗೆ, "ಈಗ ರೂಲ್ ಬಿಟ್ಟು ಹೇಳಿ," ಅಂದರು.

"ರೂಲ್ ಬಿಟ್ಟಾ?" ಅವಳು ನೆಲ ನೋಡಿದಳು. ಮತ್ತೆ ತಲೆಯೆತ್ತಿ ಅವರನ್ನೇ ನೋಡಿದಳು. "ನನಗೆ ನೀವು ಅಂದ್ರೆ ತುಂಬ ಇಷ್ಟ. ಹಲ್ಲುಗಳಿಗೆ ಕ್ಷಮಿಸಿ ಅಂದ್ರಲ್ಲ, ಆವತ್ತಿಂದ."

"ನನಗೂ ಆವತ್ತಿಂದಲೇ," ಅಂದರು ಮೇಷ್ಟ್ರು. "ನಿಮ್ಮ ಮೂಗಿಗೆ ಪುಡಿ ಅಂಟಿತ್ತು. ಹೇಳೋಕೆ ಮನಸ್ಸು ಬರಲಿಲ್ಲ."

ಲೈಬ್ರರಿ ಮುಚ್ಚುವ ಹೊತ್ತಿಗೆ ಹುಡುಗಿ ಮರಳಿದಳು. ಚಹಾ ತಣ್ಣಗಾಗಿತ್ತು, ಬಿಸ್ಕತ್ತು ಹಾಗೇ ಇತ್ತು, ಇಬ್ಬರೂ ಎದುರುಬದುರು ಕೂತು ಸುಮ್ಮನೆ ನಗುತ್ತಿದ್ದರು. ವಕೀಲಮ್ಮ ಉತ್ತರ ಕೇಳಲೇ ಇಲ್ಲ.

ಹೊಸ ಶಾಲೆ ಶುರುವಾದ ವಾರ, ಬುಧವಾರ. ಒಳಕೋಣೆಯ ಬಾಗಿಲು ಹಾಕಿಕೊಂಡು ಹುಡುಗಿ ಯಾರೋ ಕಾಣದ ಸಹಪಾಠಿಯೊಡನೆ ಜೋರಾಗಿ ವಾದಿಸುತ್ತಿದ್ದಳು. ಅವಳ ದನಿ ಗೋಡೆ ದಾಟಿ ಬರುತ್ತಿತ್ತು. ತಾಯಿ ಅದನ್ನು ಕೇಳುತ್ತಾ ಮೇಣ ಕೆತ್ತುತ್ತಿದ್ದಳು. ಹೊಟ್ಟೆ ತಣ್ಣಗಿತ್ತು.

ಬೆಲ್ ಆಯಿತು. ಬುಧವಾರ ಅವರ ದಿನವಲ್ಲ, ಹಾಗಾಗಿ ಏಪ್ರನ್ನಿನಲ್ಲೇ ಹೋಗಿ ಬಾಗಿಲು ತೆರೆದಳು. ಮೇಷ್ಟ್ರು ನಿಂತಿದ್ದರು. ಕೈಚೀಲವಿಲ್ಲ, ಬಾಟಲಿಯಿಲ್ಲ.

"ಏನು ಪಾಠ ಇವತ್ತು?" ಅಂದಳು.

"ಪಾಠ ಇಲ್ಲ. ಸುಮ್ಮನೆ ಬಂದೆ." ಎರಡೂ ಖಾಲಿ ಕೈಗಳನ್ನು ತೋರಿಸಿದರು. ಆಮೇಲೆ ಒಂದು ಕೈ ಚಾಚಿ, ಅಂದೂ ನೀಲಿಯಾಗಿದ್ದ ಬೆರಳಿನಿಂದಲೇ, ಅವಳ ಮೂಗಿನ ತುದಿಯ ಪುಡಿಯನ್ನು ಒರೆಸಿದರು.

ನಕ್ಕರು. ಸೊಟ್ಟ ಹಲ್ಲು ಪೂರ್ತಿ ಹೊರಗೆ ಬಂದಿತ್ತು.